ತೊಳೆಯದ ಎಂಟು ಬಫರುಗಳು

ಸ್ಫಾಕ್ಸ್, ಗ್ರೆಮ್ದಾ ರಸ್ತೆ
17 ಸೆಪ್ಟೆಂಬರ್ 2018

ಹೈಕಲ್,

ಪ್ಯಾಚ್ ವಿಷಯಕ್ಕೆ ನಾನು ಯಾರಿಗೂ ಖಾಸಗಿಯಾಗಿ ಬರೆಯುವವಳಲ್ಲ. ಕಂಪ್ಯೂಟರನ್ನು ನಡೆಸುವ ಕರ್ನಲ್‌ನಲ್ಲಿ ಒಂದು ಸಾಲು ಕೋಡ್ ಬದಲಾಯಿಸಬೇಕೆಂದರೂ ಆ ತಿದ್ದುಪಡಿ ಎಲ್ಲರೂ ಓದುವ ಮಿಂಚಂಚೆ ಪಟ್ಟಿಗೆ ಬರಬೇಕು, ನಾಲ್ಕು ಜನರೆದುರು ಬೈಸಿಕೊಳ್ಳಬೇಕು, ತಿದ್ದಿಕೊಳ್ಳಬೇಕು. ಅದೇ ನಮ್ಮವರ ಪದ್ಧತಿ. ಆದರೆ ಮೊನ್ನೆ ನೀನು ಕಳಿಸಿದ್ದನ್ನು ಓದಿದಾಗ ಬಾಯಿಗೆ ಬಂದದ್ದನ್ನೆಲ್ಲ ಅಲ್ಲಿ ಬರೆದಿದ್ದರೆ ನಮ್ಮ ಕಮ್ಮೂನ್ ಮನೆತನದ ಮಾನ ಡೆನ್ಮಾರ್ಕಿನವರೆಗೂ ಹರಾಜಾಗುತ್ತಿತ್ತು. ಅದಕ್ಕೇ ಪಟ್ಟಿಯಲ್ಲಿ ಮರ್ಯಾದೆಯಾಗಿ ನಾಲ್ಕು ಸಾಲು ಬರೆದೆ. ಉಳಿದದ್ದು ಇಲ್ಲಿದೆ. ಅಕ್ಕ ಬೈದಳೆಂದು ಮುಖ ಊದಿಸಿಕೊಳ್ಳದೆ ಓದು.

ಇನ್ನೂರೈವತ್ತಾರು ಮೆಗಾಬೈಟು! ಹೊಟ್ಟೆಯೊಳಗಿನ ಮಗುವನ್ನು ತೋರಿಸುವ ಒಂದು ಸಣ್ಣ ಸ್ಕ್ಯಾನಿಂಗ್ ಯಂತ್ರಕ್ಕೆ ಇಷ್ಟು ಮೆಮೊರಿಯನ್ನು ಶುರುವಿನಲ್ಲೇ ಕಟ್ಟಿ ಪಕ್ಕಕ್ಕಿಡಬೇಕಂತೆ, ಬೇರೆ ಯಾರೂ ಮುಟ್ಟಬಾರದಂತೆ. ಯಾರಪ್ಪನ ಗಂಟೋ ಅದು? ನಮ್ಮಪ್ಪನದಂತೂ ಅಲ್ಲ, ಈದ್ ದಿನ ಶರ್ಮೂಲಾ ಗೊಜ್ಜಿಗೆ ಒಣದ್ರಾಕ್ಷಿಯನ್ನು ಎಣಿಸಿ ಕೊಡುತ್ತಿದ್ದ ಮನುಷ್ಯ ಅವರು. ಸ್ಫಾಕ್ಸಿನವರು ಜಿಪುಣರೆಂದು ಟ್ಯೂನಿಸಿನವರು ಆಡಿಕೊಳ್ಳುತ್ತಾರಲ್ಲ, ಆಡಿಕೊಳ್ಳಲಿ. ಕರ್ನಲ್ ಬರೆಯುವುದಕ್ಕೆ ಜಿಪುಣರೇ ಬೇಕು. ನೀನು ಆ ಊರಿಗೆ ಹೋಗಿ ನಾಲ್ಕು ವರ್ಷಕ್ಕೇ ದೊಡ್ಡ ಕೈಯವನಾಗಿಬಿಟ್ಟೆ.

ನಿಮ್ಮ ಯಂತ್ರದೊಳಗಿನ ಚಿತ್ರ ಹಿಡಿಯುವ ಕಾರ್ಡಿಗೆ ಕೈ ಗಿಡ್ಡ, ಮೆಮೊರಿಯ ಮೇಲಿನ ಅಟ್ಟ ಅದಕ್ಕೆ ಎಟುಕುವುದಿಲ್ಲ, ಒಪ್ಪಿದೆ. ಎಟುಕುವಂಥ ಕೆಳಗಿನ ಗೂಡಿನಲ್ಲಿ ಪಾತ್ರೆಯಂಥ ಒಂದಿಷ್ಟು ಬಫರು ಇಟ್ಟುಕೊಂಡರಾಯಿತು. ಕಾರ್ಡು ಚಿತ್ರವನ್ನು ಒಂದು ಬಫರಿಗೆ ಸುರಿಯುತ್ತದೆ, ಕರ್ನಲ್ ಅದನ್ನು ಮೇಲಕ್ಕೆ ನಕಲು ಮಾಡಿಕೊಳ್ಳುತ್ತದೆ, ಖಾಲಿಯಾದ ಬಫರು ಪೂಲಿಗೆ, ಆ ಸಾಮಾನ್ಯ ರಾಶಿಗೆ, ಮರಳಿ ಮುಂದಿನ ಚಿತ್ರಕ್ಕೆ ಕಾಯುತ್ತದೆ. ಎಂಟು ಇದ್ದರೆ ಧಾರಾಳ. ಪೂಲ್ ಇರುವುದೇ ಮತ್ತೆ ಮತ್ತೆ ಬಳಸುವುದಕ್ಕೆ.

ಆದರೆ ನನಗೆ ಹೇಸಿಗೆಯಾದದ್ದು ಗಾತ್ರಕ್ಕಲ್ಲ. ಮರಳಿ ಬಂದ ಬಫರನ್ನು ನೀನು ತೊಳೆಯುವುದೇ ಇಲ್ಲ. ಹಳೆಯ ಚಿತ್ರವನ್ನು ಒಳಗಿಟ್ಟುಕೊಂಡೇ ಮುಂದಿನವರ ಕೈಗೆ ಕೊಡುತ್ತೀಯ. ಹಮಾಮಿನಲ್ಲಿ ಬಕೆಟ್ಟು ಎತ್ತಿಕೊಂಡಾಗ ತಳದಲ್ಲಿ ಹಿಂದಿನವಳ ತಲೆಗೂದಲು, ಸೋಪಿನ ಲೋಳೆ ಸಿಕ್ಕರೆ ಹೇಗಿರುತ್ತದೆ? ಹಾಗಿತ್ತು ನನಗೆ. ಎಂಜಲು ಕಣೋ ಅದು. ಕಾರ್ಡು ಎಂದಾದರೊಂದು ದಿನ ಅರ್ಧವೇ ತುಂಬಿಸಿದರೆ ಉಳಿದರ್ಧದಲ್ಲಿ ಯಾರದಿರುತ್ತದೆ, ಯೋಚಿಸಿದೆಯಾ?

ಇನ್ನು ಆ ಬಣ್ಣಬಣ್ಣದ ಅಕ್ಷರದ ಮಿಂಚಂಚೆ, ಕೆಳಗೆ ಕಂಪನಿಯ ಲಾಂಛನ, ಸರೋವರದ ಫೋಟೋ. ಥೂ! ಮುಂದಿನ ಸಲ ಬರೀ ಅಕ್ಷರ ಕಳಿಸು.

ಪಟ್ಟಿಯಲ್ಲೇ ಉತ್ತರಿಸು.

ನಿನ್ನ ಅಕ್ಕ
ದೊರ್ಸಾಫ್

•

ಟ್ಯೂನಿಸ್, ಸರೋವರದ ದಂಡೆ
22 ಅಕ್ಟೋಬರ್ 2018

ಅಕ್ಕಾ,

ನಿನ್ನ ಪತ್ರವನ್ನು ಊಟಕ್ಕೆ ಕುಳಿತಾಗ ತೆರೆದದ್ದು ನನ್ನ ತಪ್ಪು. ಆ ಕೂದಲಿನ ಮಾತು ಓದಿ ಕುಸ್ಕುಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಟ್ಟೆ. ಪಕ್ಕದ ಮೇಜಿನವನು, "ಏನಪ್ಪಾ, ಯಾರಾದ್ರೂ ತೀರ್ಕೊಂಡ್ರಾ?" ಎಂದ. "ಇಲ್ಲ, ನಮ್ಮಕ್ಕ ನನ್ನ ಕೋಡ್ ನೋಡಿದ್ಳು" ಎಂದೆ. ಅವನು ತನ್ನ ಹರೀಸಾ ಖಾರದ ಬಟ್ಟಲನ್ನು ನನ್ನ ಕಡೆ ತಳ್ಳಿದ.

ನಾಲ್ಕನೆಯ ಆವೃತ್ತಿ ಕಳಿಸಿದ್ದೇನೆ. ಈಗ ಬಫರು ಎಂಟೇ. ಪ್ರತಿಯೊಂದೂ ಪೂಲಿಗೆ ಮರಳಿದ ಕೂಡಲೇ ಸೊನ್ನೆ ತುಂಬಿಸಿ ತೊಳೆಯುತ್ತೇನೆ. ನೀನು ಕೇಳಿದ್ದು ಸರಿಯಾಗಿತ್ತು: ಹೊಟ್ಟೆಯ ಮೇಲೆ ಹಚ್ಚುವ ಜೆಲ್ ಕಡಿಮೆಯಾಗಿ ಸಂಕೇತ ಕ್ಷೀಣಿಸಿದರೆ ಕಾರ್ಡು ಚಿತ್ರವನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಆದರೂ ಕರ್ನಲ್‌ಗೆ ಮಾತ್ರ "ಪೂರ್ತಿ ತುಂಬಿದೆ" ಎಂದೇ ಹೇಳುತ್ತದೆ. ಕಾರ್ಡು ಮಾಡಿದವರು ಅದನ್ನು ತಿದ್ದುವುದಿಲ್ಲವಂತೆ. ಒಂದು ಕಾರ್ಡು, ಹೊಟ್ಟೆಯ ಮೇಲಿಡುವ ಒಂದು ಪ್ರೋಬು ನಿನಗೂ ಕಳಿಸಿದ್ದೇನೆ, ಲುವಾಜ್ ವ್ಯಾನಿನವನ ಕೈಲಿದೆ. ಇಸ್ಕೋ.

ನಮ್ಮ ಯಜಮಾನರು ಸಿ ಶಾದ್ಲಿ ಇವತ್ತು ಮತ್ತೆ ಬಂದು ಬೆನ್ನ ಹಿಂದೆ ನಿಂತಿದ್ದರು. "ಏನಪ್ಪಾ ಕಮ್ಮೂನ್, ನಿಮ್ಮಕ್ಕ ಇನ್ನೂ ದಾಟಿಸ್ಲಿಲ್ವಾ? ಮನೇಲಿ ಜಗಳ ಗಿಗಳ ಏನಾದ್ರೂ?" ಅಂತ. ಡೆನ್ಮಾರ್ಕಿನ ಟೊರ್ಬೆನ್ ನೋಡಿಕೊಳ್ಳುವ ಕರ್ನಲ್ ಭಾಗದೊಳಕ್ಕೆ ಈ ಪ್ಯಾಚ್ ಹೋಗದಿದ್ದರೆ ಪ್ರತಿ ಹೊಸ ಕರ್ನಲ್‌ಗೂ ನಾವೇ ತೇಪೆ ಹಾಕುತ್ತ ಕೂರಬೇಕು. ಕಸ್ಸೆರೀನ್ ಕಡೆಯ ಬೆಟ್ಟದ ಹಳ್ಳಿಗಳಿಗೆ ಬಸುರಿಯರನ್ನು ನೋಡಲು ಆರೋಗ್ಯ ವಾಹನ ಹೊರಡುತ್ತದೆ, ಅದರೊಳಗೆ ನಮ್ಮ ಯಂತ್ರವೇ ಇರಬೇಕೆಂದು ಅವರಿಗೆ ಆಸೆ. ನನಗೂ ಆಸೆ, ಸುಳ್ಳೇಕೆ ಹೇಳಲಿ.

ನೀನು "ನೋಡಿದ್ದೇನೆ" ಎಂದು ಹೆಸರು ಹಾಕಿದರೆ ಟೊರ್ಬೆನ್ ಎರಡು ಸಲ ಓದುವುದಿಲ್ಲ. ಅದು ನಿನಗೂ ಗೊತ್ತು.

ನಿನ್ನ ತಮ್ಮ
ಹೈಕಲ್

•

ಸ್ಫಾಕ್ಸ್
11 ನವೆಂಬರ್ 2018

ಹೈಕಲ್,

ಹಾಕಿದ್ದೇನೆ. ಪಟ್ಟಿಯಲ್ಲಿ ನೋಡಿರುತ್ತೀಯ: "ಪರಿಶೀಲಿಸಿದವರು: ದೊರ್ಸಾಫ್ ಕಮ್ಮೂನ್."

ಹೊಗಳಿಕೆ ಎಂದುಕೊಳ್ಳಬೇಡ. ಒಂದೊಂದು ಸಾಲನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ನೋಡಿದ್ದೇನೆ. ಪೂಲ್ ಖಾಲಿಯಾದಾಗ ಏನು ಮಾಡುತ್ತೀಯ, ಎರಡು ಕಡೆಯಿಂದ ಒಂದೇ ಬಫರಿಗೆ ಕೈ ಬಿದ್ದರೆ ಏನು, ಪ್ರೋಬು ನಡುವೆಯೇ ಕಿತ್ತುಬಂದರೆ ಏನು, ಎಲ್ಲ. ಸರಿಯಿದೆ. ಅಚ್ಚುಕಟ್ಟಾಗಿಯೂ ಇದೆ. ಓದುವಾಗ ಎರಡು ಕಡೆ ನನಗೇ ಖುಷಿಯಾಯಿತು, ಹೇಳಬಾರದಿತ್ತು, ಹೇಳಿಬಿಟ್ಟೆ.

ಈಗ ಕಿವಿಗೊಟ್ಟು ಕೇಳು. ನನ್ನ ಹೆಸರು ಈ ನಾಲ್ಕನೆಯ ಆವೃತ್ತಿಗೆ ಮಾತ್ರ. ಐದನೆಯದನ್ನು ಕಳಿಸುವಾಗ ಒಂದು ಅಲ್ಪವಿರಾಮ ಬದಲಾದರೆ ಹೆಸರು ಇಟ್ಟುಕೋ, ಪರವಾಗಿಲ್ಲ. ನಡವಳಿಕೆ ಬದಲಾದರೆ ಹೆಸರನ್ನು ತೆಗೆದುಹಾಕಿ ಮತ್ತೆ ನನ್ನ ಬಾಗಿಲು ತಟ್ಟಬೇಕು. ಇದನ್ನು ಕಾಯುವ ಪೊಲೀಸಿನವನಿಲ್ಲ, ಕಾನೂನಿಲ್ಲ. ಬರೀ ನಂಬಿಕೆಯ ಮೇಲೆ ನಿಂತಿದೆ ಇಷ್ಟು ದೊಡ್ಡ ಸಂಸಾರ. ಆ ಹೆಸರು ದಾಟಿಸುವ ಸಾಧನ ಇದೆಯಲ್ಲ, ಅದು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹಳೆಯ ಹೆಸರುಗಳನ್ನು ತಾನಾಗಿ ಎಳೆದುಕೊಂಡು ಹೋಗುತ್ತದೆ. ಅದನ್ನು ಕುರುಡಾಗಿ ಓಡಿಸಬೇಡ.

ಆಲಿವ್ ಅರೆಯುವ ಕಾಲ. ಊರೆಲ್ಲ ಹಿಂಡಿಯ ನಾತ, ನನಗೆ ತಲೆನೋವು. ಎಣ್ಣೆ ಒಂದು ಡಬ್ಬಿ ಅದೇ ಲುವಾಜ್‌ನವನ ಕೈಲಿ ಕಳಿಸಿದ್ದೇನೆ. ನಿಮ್ಮ ಯಜಮಾನನಿಗೆ ಹಂಚಬೇಡ.

ನಿನ್ನ ಅಕ್ಕ
ದೊರ್ಸಾಫ್

•

ಸ್ಫಾಕ್ಸ್
19 ಜನವರಿ 2019

ಹೈಕಲ್,

ಇವತ್ತು ಬೇರೆ ಯಾವುದೋ ಕೆಲಸಕ್ಕೆ ಹೊಸ ಕರ್ನಲ್‌ನ ಪರೀಕ್ಷಾ ಆವೃತ್ತಿಯನ್ನು ತೆರೆದಿದ್ದೆ. ನಿನ್ನ ಪ್ಯಾಚ್ ಅದರೊಳಗೆ ಬಂದಿತ್ತು. ತಮ್ಮನದಲ್ಲವಾ ಎಂದು ಹೆಮ್ಮೆಯಿಂದಲೇ ನೋಡಿದೆ. ಆಮೇಲೆ ಒಂದೊಂದೇ ಸಾಲು ನೋಡಿದೆ.

ಒಳಗೆ ಬಂದದ್ದು ಆರನೆಯ ಆವೃತ್ತಿ. ಪಟ್ಟಿಯ ರಾಶಿಯಲ್ಲಿ ಐದು, ಆರು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನನಗೆ ಪ್ರತಿ ಕಳಿಸುವ ಸಾಲಿನಿಂದ ನನ್ನ ವಿಳಾಸ ತೆಗೆದಿದ್ದೀಯ. ಆದರೆ ಪರಿಶೀಲಿಸಿದವರ ಸಾಲಿನಲ್ಲಿ ನನ್ನ ಹೆಸರು ಠೀವಿಯಿಂದ ಕುಳಿತಿದೆ. ಬಫರು ತೊಳೆಯುವ ಸಾಲು ಮಾತ್ರ ಇಲ್ಲ! ಕಿತ್ತು ಬಿಸಾಕಿದ್ದೀಯ. ಏನು ಬದಲಾಯಿತೆಂದು ಬರೆಯುವ ಜಾಗದಲ್ಲಿ ಏನು ಬರೆದಿದ್ದೀಯ? "ಸಣ್ಣಪುಟ್ಟ ಒಪ್ಪ ಓರಣ." ಅಷ್ಟೇ. ಟೊರ್ಬೆನ್ ಕೆಳಗೆ ಒಂದು ಸಾಲು ಬರೆದಿದ್ದಾನೆ: "ದೊರ್ಸಾಫ್ ನೋಡಿದ್ದಾರೆ, ಹಾಗಾದರೆ ಸರಿ. ತೆಗೆದುಕೊಂಡೆ."

ಛೀ! ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೆಂದುಕೊಂಡೆಯಾ?

ತಪ್ಪು ಕೋಡ್ ಬರೆದಿದ್ದರೆ ಬೈದು ಮರೆಯುತ್ತಿದ್ದೆ. ತಪ್ಪು ಬರೆಯದವರು ಯಾರಿದ್ದಾರೆ? ನೀನು ಗೊತ್ತಿದ್ದೇ ಎಂಜಲು ಬಡಿಸಿ, ಬಡಿಸಿದವಳು ನಮ್ಮಕ್ಕ ಎಂದು ಹೇಳಿದ್ದೀಯ. ಬೆಳಗಿನಿಂದ ಕೈ ತೊಳೆಯುತ್ತಲೇ ಇದ್ದೇನೆ, ಹುಚ್ಚಿಯ ಹಾಗೆ. ಏನು ಉತ್ತರ ಕೊಡುತ್ತೀಯೋ ಕೊಡು.

ದೊರ್ಸಾಫ್

•

ಟ್ಯೂನಿಸ್
23 ಜನವರಿ 2019

ಅಕ್ಕಾ,

ಕೋಪ ಮಾಡಿಕೊಳ್ಳಬೇಡ ಎನ್ನುವ ಯೋಗ್ಯತೆ ನನಗಿಲ್ಲ. ಆದರೂ ನಡೆದದ್ದು ಹೇಳುತ್ತೇನೆ.

ಡಿಸೆಂಬರಿನಲ್ಲಿ ವಾಹನದ ಸಮಿತಿಯವರು ಯಂತ್ರ ನೋಡಲು ಬಂದಿದ್ದರು. ನಾವು ಹಾಕಿರುವುದು ಅಗ್ಗದ ಪ್ರೊಸೆಸರ್. ಪ್ರತಿ ಬಫರನ್ನೂ ತೊಳೆಯುತ್ತ ಕುಳಿತರೆ ಚಿತ್ರ ಮುಗ್ಗರಿಸಿ ಮುಗ್ಗರಿಸಿ ಓಡುತ್ತದೆ. ಸಮಿತಿಯ ಹಿರಿಯ ವೈದ್ಯೆ, "ಇದೇನ್ರೀ, ಮಗು ಬಿಕ್ಕಳಿಸ್ತಾ ಇದೆಯೋ ನಿಮ್ಮ ಮಿಷನ್ ಬಿಕ್ಕಳಿಸ್ತಾ ಇದೆಯೋ?" ಎಂದು ನಕ್ಕುಬಿಟ್ಟರು. ಸಿ ಶಾದ್ಲಿಯವರ ಮುಖ ಕಪ್ಪಿಟ್ಟಿತು. ಸಮಿತಿಯವರು ಹೋದ ಮೇಲೆ ನನ್ನನ್ನು ಕರೆದು, "ಸೋಮವಾರದೊಳಗೆ ಓಡ್ಬೇಕು. ಹೆಂಗ್ ಓಡಿಸ್ತೀಯೋ ಅದನ್ನ ನನಗೆ ಹೇಳ್ಬೇಡ" ಎಂದರು. ತೊಳೆಯುವ ಸಾಲು ತೆಗೆದೆ, ಓಡಿತು. ನಮ್ಮ ಪ್ರಯೋಗಾಲಯದ ರಬ್ಬರ್ ಹೊಟ್ಟೆಯ ಮೇಲೆ ಎಷ್ಟೋ ಸಲ ನೋಡಿದ್ದೇವೆ, ಒಮ್ಮೆಯೂ ಚಿತ್ರ ಅರ್ಧಕ್ಕೆ ನಿಲ್ಲಲಿಲ್ಲ.

ನಿನ್ನ ಹೆಸರನ್ನು ಸಾಧನವೇ ಎಳೆದುಕೊಂಡು ಬಂತು. ನಾನು ನೋಡಿದೆ. ತೆಗೆಯಬೇಕಿತ್ತು, ತೆಗೆಯಲಿಲ್ಲ. ತೆಗೆದರೆ ಟೊರ್ಬೆನ್ ಯಾಕೆಂದು ಕೇಳುತ್ತಿದ್ದ.

ಪಟ್ಟಿಗೆ ಬರೆಯಬೇಡ ಅಕ್ಕಾ, ದಮ್ಮಯ್ಯ. ಅಲ್ಲಿ ಒಮ್ಮೆ ಬರೆದದ್ದು ಸಾಯುವವರೆಗೂ ಅಳಿಯುವುದಿಲ್ಲ. ನಾಳೆ ಎಲ್ಲಿ ಕೆಲಸ ಕೇಳಲು ಹೋದರೂ ನನ್ನ ಹೆಸರು ಹುಡುಕಿದರೆ ಮೊದಲು ಅದೇ ಸಿಗುತ್ತದೆ, ಬರೆದವಳು ಸ್ವಂತ ಅಕ್ಕ. ಮುಂದಿನ ಆವೃತ್ತಿಯಲ್ಲಿ ನಾನೇ ಸದ್ದಿಲ್ಲದೆ ಸರಿಮಾಡುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ.

ಹೈಕಲ್

•

ಸ್ಫಾಕ್ಸ್
26 ಜನವರಿ 2019

ಹೈಕಲ್,

ರಬ್ಬರ್ ಹೊಟ್ಟೆಯಂತೆ! ಅದಕ್ಕೆ ಬಕೆಟ್ಟುಗಟ್ಟಲೆ ಜೆಲ್ ಸುರಿಯುತ್ತೀರಿ, ಅದು ಅಲುಗಾಡುವುದಿಲ್ಲ, ಬೆವರುವುದಿಲ್ಲ, ಹೆದರುವುದಿಲ್ಲ. ಅದರಲ್ಲಿ ಚಿತ್ರ ಅರ್ಧಕ್ಕೆ ನಿಂತರೆ ತಾನೇ ಆಶ್ಚರ್ಯ.

ನೀನು ಕಳಿಸಿದ ಕಾರ್ಡಿಗೆ ನಿನ್ನ ಆರನೆಯ ಆವೃತ್ತಿ ಹಾಕಿದೆ. ಜೆಲ್ ಹಚ್ಚಿಕೊಂಡು ನನ್ನ ಕತ್ತಿನ ಮೇಲೆ ಪ್ರೋಬು ಇಟ್ಟೆ. ರಕ್ತನಾಳ ಚೆನ್ನಾಗಿ ಬಡಿಯುತ್ತಿತ್ತು. ಆಮೇಲೆ ಮಾಂಸದಂಗಡಿಯಿಂದ ತಂದ ಕುರಿಯ ಲಿವರನ್ನು ತಟ್ಟೆಯಲ್ಲಿಟ್ಟು, ಜೆಲ್ ಒರೆಸಿ ತೆಗೆದು, ಅದರ ಮೇಲೆ ಇಟ್ಟೆ. ಪರದೆಯ ಮೇಲರ್ಧದಲ್ಲಿ ಲಿವರ್ ಬಂತು. ಕೆಳಗಿನರ್ಧ ಬಡಿಯುತ್ತಿತ್ತು.

ಸತ್ತ ಕುರಿಯ ಲಿವರ್ ನನ್ನ ತಟ್ಟೆಯಲ್ಲಿ ಬಡಿದುಕೊಳ್ಳುತ್ತಿತ್ತು ಹೈಕಲ್. ನೋಡುತ್ತ ನೋಡುತ್ತ ಬಾಯಲ್ಲಿ ಹುಳಿ ನೀರು ಬಂತು.

ಅರ್ಥವಾಯಿತಾ ಏನು ಮಾಡಿದ್ದೀಯೆಂದು? ಒಂದೇ ಬಫರಾಗಿದ್ದರೆ ಹಳೆಯ ಚಿತ್ರ ಕದಲದೆ ನಿಲ್ಲುತ್ತಿತ್ತು, ನೋಡಿದವರು ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ನಿನ್ನ ಪೂಲಿನಲ್ಲಿ ಎಂಟಿವೆ. ಹಿಂದಿನವಳ ಕೊನೆಯ ಎಂಟು ಚಿತ್ರ ಅವುಗಳ ತಳದಲ್ಲಿ ಉಳಿದಿರುತ್ತವೆ, ಒಂದಾದ ಮೇಲೊಂದು ಸುತ್ತು ಬರುತ್ತವೆ. ಎಂಟು ಚಿತ್ರ ಸುತ್ತು ಬಂದರೆ ಮಿಡಿತ. ಎಂಟು ಸಾಕೆಂದು ಹೇಳಿದವಳು ನಾನೇ. ಒಬ್ಬಳ ಮಗುವಿನ ಎದೆಬಡಿತವನ್ನು ಇನ್ನೊಬ್ಬಳ ಹೊಟ್ಟೆಯಲ್ಲಿ ತೋರಿಸುವ ಯಂತ್ರಕ್ಕೆ ನನ್ನ ಹೆಸರು ಅಂಟಿಸಿದ್ದೀಯ.

ಲಿವರನ್ನು ಬೆಕ್ಕುಗಳಿಗೆ ಎಸೆದೆ. ತಟ್ಟೆಯನ್ನೂ ಬಿಸಾಕಿದೆ.

ನಿಧಾನವಾಗುತ್ತದೆ ಎಂದಿದ್ದರೆ ನನ್ನನ್ನು ಕೇಳಬಹುದಿತ್ತಲ್ಲ? ಪೂಲನ್ನು ಎರಡು ಸಾಲಾಗಿ ಒಡೆ: ಕೊಳಕಾದವು ಒಂದು ಕಡೆ, ತೊಳೆದವು ಇನ್ನೊಂದು ಕಡೆ. ಮರಳಿ ಬಂದದ್ದು ಕೊಳಕಿನ ಸಾಲಿಗೆ ಹೋಗಲಿ. ಪ್ರೊಸೆಸರ್‌ಗೆ ಬಿಡುವಾದಾಗ ಹಿನ್ನೆಲೆಯಲ್ಲಿ ಒಬ್ಬ ಕೂತು ತೊಳೆಯಲಿ. ಕಾರ್ಡಿಗೆ ಕೊಡುವುದು ತೊಳೆದ ಸಾಲಿನಿಂದ ಮಾತ್ರ. ಬಫರು ಇನ್ನೂ ನಾಲ್ಕು ಜಾಸ್ತಿ ಬೇಕಾದೀತು, ಕೊಡೋಣ. ಎರಡು ದಿನದ ಕೆಲಸವೋ ಇದು. ಎರಡು ದಿನ!

ಸದ್ದಿಲ್ಲದೆ ಸರಿಮಾಡುವ ಮಾತು ಬೇಡ. ಪರೀಕ್ಷಾ ಆವೃತ್ತಿಯನ್ನು ಇಳಿಸಿಕೊಂಡವರು ಈಗಾಗಲೇ ಎಷ್ಟು ಜನರೋ. ಪಟ್ಟಿಗೆ ನೀನೇ ಬರೆ, ನಿನ್ನ ಹೆಸರಿನಲ್ಲಿ: ತೊಳೆಯುವುದನ್ನು ತೆಗೆದೆ, ದೊರ್ಸಾಫ್ ಅದನ್ನು ನೋಡಿರಲಿಲ್ಲ, ಈ ಪ್ಯಾಚನ್ನು ವಾಪಸು ತೆಗೆಯಿರಿ. ಮೂರು ಸಾಲು. ನಾನು ಬರೆದರೆ ಸಿಕ್ಕಿಬಿದ್ದ ಕಳ್ಳನಾಗುತ್ತೀಯ, ನೀನೇ ಬರೆದರೆ ಮನುಷ್ಯನಾಗಿ ಉಳಿಯುತ್ತೀಯ. ಅದಕ್ಕೇ ಕಾಯುತ್ತಿದ್ದೇನೆ. ಬೇರೆ ಯಾರೇ ಆಗಿದ್ದರೂ ಕಾಯುತ್ತಿರಲಿಲ್ಲ.

ಆ ವಾಹನ ಹೊರಟಿದೆಯಾ? ಇದಕ್ಕೆ ಮೊದಲು ಉತ್ತರ ಕೊಡು.

ದೊರ್ಸಾಫ್

•

ಟ್ಯೂನಿಸ್
28 ಜನವರಿ 2019

ಅಕ್ಕಾ,

ಇಲ್ಲ, ಇನ್ನೂ ಹೊರಟಿಲ್ಲ. ಮಾರ್ಚಿನಲ್ಲಿ ಎನ್ನುತ್ತಿದ್ದಾರೆ. ಅಲ್ಲಿಯವರೆಗೆ ಯಂತ್ರವನ್ನು ಯಾರ ಹೊಟ್ಟೆಯ ಮೇಲೂ ಇಡುವುದಿಲ್ಲ.

ಎರಡು ಸಾಲಿನ ಉಪಾಯ ಚೆನ್ನಾಗಿದೆ. ಶುರು ಮಾಡಿದ್ದೇನೆ. ಅದು ಓಡಿದ ಮೇಲೆ ಪಟ್ಟಿಗೆ ಎರಡನ್ನೂ ಒಟ್ಟಿಗೇ ಕಳಿಸುತ್ತೇನೆ, ತಪ್ಪೊಪ್ಪಿಗೆ, ಪರಿಹಾರ. ಬರೀ ತಪ್ಪೊಪ್ಪಿಗೆಯೊಂದನ್ನೇ ಕಳಿಸುವುದಕ್ಕೆ ಕೈ ಬರುತ್ತಿಲ್ಲ. ಇನ್ನು ಸ್ವಲ್ಪ ದಿನ ತಡೆದುಕೋ.

ಹೈಕಲ್

•

ಫುಸ್ಸಾನಾ, ಕಸ್ಸೆರೀನ್
9 ಫೆಬ್ರವರಿ 2019

ಅಕ್ಕಾ,

ವಾಹನ ಮೊದಲೇ ಹೊರಟಿತು. ಮೇಲಿನವರಾರೋ ತಾರೀಖು ಹಿಂದಕ್ಕೆ ತಂದರು, ಸಿ ಶಾದ್ಲಿ ಒಂದೇ ಮಾತಿಗೆ ಒಪ್ಪಿಕೊಂಡರು. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಅವತ್ತೇ ಪಟ್ಟಿಗೆ ಬರೆಯುತ್ತಿದ್ದೆ ಎಂದು ಗೊತ್ತಿತ್ತು. ಹೊಸ ಪೂಲ್ ಇನ್ನೂ ಕುಸಿದು ಬೀಳುತ್ತಿತ್ತು, ಹಳೆಯದರ ಜೊತೆಗೇ ಬಂದೆವು. ನಾನೇ ಜೊತೆಗಿದ್ದು ಕಾಯುತ್ತೇನೆ, ಜೆಲ್ ಧಾರಾಳವಾಗಿ ಹಚ್ಚಿಸಿದರೆ ಏನೂ ಆಗುವುದಿಲ್ಲ ಎಂದುಕೊಂಡೆ. ಎರಡು ಪೆಟ್ಟಿಗೆ ಜೆಲ್ ನಾನೇ ಹೊತ್ತು ತಂದಿದ್ದೆ.

ಇಲ್ಲಿ ವಿಪರೀತ ಚಳಿ. ಬೆಳಗ್ಗೆಯೇ ಹೆಂಗಸರು ಕಂಬಳಿ ಹೊದ್ದು ಶಾಲೆಯ ಅಂಗಳ ತುಂಬಿದ್ದರು. ಇಷ್ಟು ಜನ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೆಲ್ ತಳ ಕಂಡಿತು. ನಮ್ಮ ಜೊತೆ ಬಂದಿರುವ ನರ್ಸ್ ಮಂಜಿಯಾ ಒಳ್ಳೆಯ ಹೆಂಗಸು, ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಬಾಟಲಿಗೆ ನೀರು ಬೆರೆಸಿದಳು. ನಾನು ನೋಡಿದೆ. ಬೇಡ ಎಂದೆ. "ಯಾಕಪ್ಪಾ?" ಎಂದು ಕೇಳಿದಳು. ನಾನು ಕಾರಣ ಹೇಳಲಿಲ್ಲ.

ಆಮೇಲೆ ಒಬ್ಬಳು ಬಂದಳು. ನಿನಗಿಂತ ಚಿಕ್ಕವಳು, ತುಂಬಿದ ಬಸುರಿ. ಮಂಜಿಯಾ ಪ್ರೋಬು ಇಟ್ಟು ಪರದೆಯನ್ನು ಅವಳ ಕಡೆ ತಿರುಗಿಸಿ, "ನೋಡು, ಹೆಂಗ್ ಬಡ್ಕೋತಾ ಇದೆ ನಿನ್ ಕೂಸು. ಸುಮ್ನೆ ಹೆದ್ರಿಕೊಂಡು ಬಂದಿದೀಯ" ಎಂದಳು.

ಅವಳು ಎಷ್ಟೋ ಹೊತ್ತು ನೋಡಿ, "ಇದು ನಂದಲ್ಲ ಕಣಮ್ಮ" ಎಂದಳು.

"ನಿಂದಲ್ದೆ ಇನ್ಯಾರ್ದು, ನಂದಾ?"

"ನಂದು ಅಲುಗಾಡಿ ಮೂರು ದಿನ ಆಯ್ತು. ಇದು ಯಾರ್ದೋ."

"ಮಿಷನ್‌ಗಿಂತ ನಿಂಗೇ ಜಾಸ್ತಿ ಗೊತ್ತಾ ತಾಯಿ?"

"ಹೊಟ್ಟೆ ನಂದಲ್ವಾ?"

ಹೊರಗೆ ಸಾಲಿನಲ್ಲಿದ್ದವರು ನಕ್ಕರು. ಮಂಜಿಯಾ ಕೂಡ ನಕ್ಕು, ಗಂಡು ಮಗುವೇ ಆಗುತ್ತೆ ಹೋಗು ಎಂದು ಬೆನ್ನು ತಟ್ಟಿದಳು. ಅವಳು ತಲೆವಸ್ತ್ರದ ತುದಿಯಿಂದ ಹೊಟ್ಟೆ ಒರೆಸಿಕೊಂಡು ಇಳಿದುಹೋದಳು. ತಿರುಗಿಸಿದ ಪರದೆ ನನ್ನ ಮುಖದೆದುರಿಗೂ ಬಂದಿತ್ತು ಅಕ್ಕಾ. ಕೆಳಗಿನರ್ಧ ಬೇರೆ ಎಂದು ನನಗೆ ಕಂಡಿತ್ತು. ಆದರೂ ಬಾಯಿ ಬರಲಿಲ್ಲ. ಇನ್ನೊಬ್ಬಳು ಬಂದು ಮಲಗುವವರೆಗೂ ಬರಲಿಲ್ಲ. ನನ್ನ ಮೇಲೆ ನನಗೆಷ್ಟು ಅಸಹ್ಯವಾಗಿದೆ ಎಂದು ಹೇಳುವುದಕ್ಕೂ ಅಸಹ್ಯ.

ಆಮೇಲೆ ಪ್ಲಗ್ ಕಿತ್ತೆ. ಓಡಿದೆ. ಅವಳು ರಸ್ತೆಯ ತಿರುವಿನಲ್ಲಿ ಪಿಕಪ್ ಗಾಡಿಯ ಹಿಂದೆ ಹತ್ತಿ ಕೂತಿದ್ದಳು. "ನೀವು ಹೇಳಿದ್ದೇ ನಿಜ, ಅದು ನಿಮ್ಮದಲ್ಲ" ಎಂದೆ. ಅವಳು ಬೈಯಲಿಲ್ಲ. "ನಂಗ್ ಗೊತ್ತು" ಎಂದಳು. ಅದೇ ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಮಗು ಹೊಟ್ಟೆಯಲ್ಲೇ ಹೋಗಿತ್ತು. ನಾವು ಕೊಂದದ್ದಲ್ಲ, ಮೊದಲೇ ಹೋಗಿತ್ತು ಎಂದು ವೈದ್ಯರು ಹೇಳಿದರು. ಹಾಗೇ ಮನೆಗೆ ಹೋಗಿದ್ದರೆ ನಂಜೇರಿ ಅವಳೂ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. ಅವಳು ಉಳಿದಿದ್ದಾಳೆ.

ಬೆಳಗಿನಿಂದ ನೋಡಿದ ಎಲ್ಲ ಹೆಂಗಸರನ್ನೂ ಮಂಜಿಯಾ ಮತ್ತೆ ಕರೆಸುತ್ತಿದ್ದಾಳೆ, ಕಿವಿಗೊಳವೆ ಇಟ್ಟು ಕೇಳುತ್ತಿದ್ದಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸಿ ಶಾದ್ಲಿ ಫೋನ್ ಮಾಡುತ್ತಲೇ ಇದ್ದಾರೆ, ನಾನು ಎತ್ತಿಲ್ಲ.

ಪಟ್ಟಿಗೆ ಬರೆಯಲು ಮೂರು ಸಲ ಕೂತೆ. ಇಲ್ಲಿ ಸಿಗ್ನಲ್ ಇದೆ, ಅದರ ನೆಪ ಹೇಳಲಾರೆ. ನಿನಗಿಷ್ಟು ಬರೆದವನಿಗೆ ಅಲ್ಲಿ ಮೂರು ಸಾಲು ಬರೆಯಲು ಆಗುತ್ತಿಲ್ಲ. ನೀನೇ ಬರೆ. ಏನನ್ನೂ ಮುಚ್ಚಿಡಬೇಡ.

ಹೈಕಲ್

•

ಪಟ್ಟಿಗೆ, ಬಹಿರಂಗವಾಗಿ
10 ಫೆಬ್ರವರಿ 2019

ಟೊರ್ಬೆನ್ ಅವರಿಗೆ ಮತ್ತು ಎಲ್ಲರಿಗೂ,

ಸ್ಕ್ಯಾನಿಂಗ್ ಯಂತ್ರದ ಬಫರ್ ಪೂಲ್ ಕುರಿತ ಹೈಕಲ್ ಕಮ್ಮೂನ್ ಅವರ ಪ್ಯಾಚನ್ನು ವಾಪಸು ತೆಗೆಯುವ ಪ್ಯಾಚ್ ಇದರ ಜೊತೆಗಿದೆ. ದಯವಿಟ್ಟು ಇಂದೇ ತೆಗೆದುಕೊಳ್ಳಿ. ಒಳಗೆ ಬಂದ ಆರನೆಯ ಆವೃತ್ತಿಯಲ್ಲಿ ಬಫರುಗಳನ್ನು ತೊಳೆಯದೆ ಮರುಬಳಕೆ ಮಾಡಲಾಗಿದೆ. ಕಾರ್ಡು ಚಿತ್ರವನ್ನು ಅರ್ಧಕ್ಕೆ ನಿಲ್ಲಿಸಿದಾಗ ಹಿಂದಿನ ರೋಗಿಯ ಚಿತ್ರಗಳು ಮುಂದಿನ ರೋಗಿಯ ಪರದೆಯಲ್ಲಿ ಜೀವಂತ ಚಲನೆಯಾಗಿ ಕಾಣುತ್ತವೆ. ಈ ಯಂತ್ರವನ್ನು ಈ ಕರ್ನಲ್ ಜೊತೆ ಬಳಸುತ್ತಿರುವವರು ಕೂಡಲೇ ನಿಲ್ಲಿಸಿ.

ಆ ಆವೃತ್ತಿಯನ್ನು ನಾನು ಪರಿಶೀಲಿಸಿರಲಿಲ್ಲ. ನನ್ನ ಹೆಸರು ನನ್ನ ಒಪ್ಪಿಗೆಯಿಲ್ಲದೆ ಅದರಲ್ಲಿ ಉಳಿದುಕೊಂಡಿದೆ.

ಇಷ್ಟೇ ಬರೆದು ನಿಲ್ಲಿಸಿದರೆ ನಾನು ಒಳ್ಳೆಯವಳಾಗುತ್ತೇನೆ. ಆದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ. ಈ ದೋಷ ನನಗೆ ಜನವರಿ ಹತ್ತೊಂಬತ್ತರಂದೇ ಗೊತ್ತಾಯಿತು. ಇಪ್ಪತ್ತಾರರಂದು ನನ್ನ ಮೇಜಿನ ಮೇಲೆ ಕಣ್ಣಾರೆ ನೋಡಿದೆ. ಪಟ್ಟಿಗೆ ಬರೆಯಲಿಲ್ಲ. ಹೈಕಲ್ ನನ್ನ ತಮ್ಮ. ಅವನೇ ಬರೆಯಲಿ, ಅವನ ಮಾನ ಉಳಿಯಲಿ ಎಂದು ಕಾದೆ. ನಾನು ಕಾಯುತ್ತಿದ್ದಾಗ ಯಂತ್ರ ಹಳ್ಳಿಗೆ ಹೋಯಿತು. ಅವನು ಮಾಡಿದ್ದನ್ನು ಕಂಡು ವಾಕರಿಸಿದವಳು ನಾನು. ಬೇರೆಯವರು ತಮ್ಮನಿಗಾಗಿ ಹೀಗೆ ಕಾದಿದ್ದರೆ ಅವರ ಮುಖವನ್ನೂ ನೋಡುತ್ತಿರಲಿಲ್ಲ. ಪರಿಶೀಲಕರ ಸಾಲಿನಿಂದ ನನ್ನ ಹೆಸರನ್ನು ತೆಗೆಯಿರಿ.

ದೋಷವನ್ನು ಮೊದಲು ಕಂಡುಹಿಡಿದವರ ಹೆಸರನ್ನು ಪ್ಯಾಚಿನ ಕೆಳಗೆ ಬರೆಯುವುದು ನಮ್ಮ ರೂಢಿ. ಅಲ್ಲಿ ನನ್ನ ಹೆಸರು ಸಲ್ಲುವುದಿಲ್ಲ, ಹೈಕಲ್‌ನದೂ ಸಲ್ಲುವುದಿಲ್ಲ. ಕಂಡ ತಕ್ಷಣ ಬಾಯಿಬಿಟ್ಟು ಹೇಳಿದವರು ಒಬ್ಬರೇ, ಅವರ ಮಾತಿಗೆ ಎಲ್ಲರೂ ನಕ್ಕರು. ಇವತ್ತು ಬೆಳಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ಅವರ ಹೆಸರು ಹಾಕಬಹುದೇ ಎಂದು ಕೇಳಿದೆ. ಬೇಡ ಎಂದರು. ಹೆಸರಿಲ್ಲದ ಸಾಲನ್ನು ಸಾಧನ ತಿರಸ್ಕರಿಸಬಹುದು. ತಿರಸ್ಕರಿಸಿದರೆ ಕೈಯಿಂದ ಬರೆಯಿರಿ, ಆದರೆ ಈ ಸಾಲನ್ನು ತೆಗೆಯಬೇಡಿ.

ದೊರ್ಸಾಫ್ ಕಮ್ಮೂನ್

ದೋಷ ಕಂಡವರು: ಫುಸ್ಸಾನಾದ ಒಬ್ಬ ತಾಯಿ